ಹೋಗಿ ಬರುವ ಗಾಡಿ

ಭದ್ರಾವತಿ,
ಭಾನುವಾರ ಬೆಳಿಗ್ಗೆ

ಮಗಳು ರಕ್ಷಾಳಿಗೆ, ಫೋನಿನಲ್ಲಿ ಮಾತು ಸಿಗದೆ ಕಾಗದ ಹಿಡಿದು ಕುಳಿತಿರುವ ನಿನ್ನ ಅಪ್ಪ ಬರೆಯುವುದು.

ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಕಾರನ್ನು ಮಾರುವುದಿಲ್ಲ.

ಹೋದ ಭಾನುವಾರ ನೀನು ಫೋನ್ ಮಾಡಿದಾಗ ನಾನು ಒಂದು ಮಾತೂ ಆಡದೆ ಇಟ್ಟುಬಿಟ್ಟೆ. ಒಪ್ಪಿಕೊಂಡೆ ಎಂದು ನೀನು ತಿಳಿದಿರಬಹುದು. ನಾನು ಒಪ್ಪಿರಲಿಲ್ಲ. "ಅಪ್ಪಾ, ಆ ಗಾಡಿ ಮಾರ್ಬಿಡು. ಮಾವನೋರ ವಾಕಿಂಗ್ ಗುಂಪಿನಲ್ಲೆಲ್ಲ ಆ ವಿಡಿಯೋ ಬಂದಿದೆ. ಇವರು ನಿಮ್ಮ ಬೀಗರಲ್ವಾ ಅಂತ ಕೇಳ್ತಿದಾರಂತೆ. ಜನ ಏನಂತಾರೆ ಅನ್ನೋದಾದ್ರೂ ಬೇಡ್ವಾ ನಿನಗೆ? ಅದು ಮನೆ ಮುಂದೆ ಇರೋವರೆಗೂ ನಾವು ಹಬ್ಬಕ್ಕೆ ಬರಲ್ಲ" ಎಂದು ನೀನು ಅಂದೆ. ಹಿಂದಿನಿಂದ ಅಮೂಲ್ಯ "ತಾತನಾ? ತಾತನಾ?" ಎಂದು ಕೇಳುತ್ತಿದ್ದುದು ನನಗೆ ಕೇಳಿಸಿತು. ನೀನು ಫೋನು ಅವಳ ಕೈಗೆ ಕೊಡಲಿಲ್ಲ.

ನೀನು ನೋಡಿದ ವಿಡಿಯೋ ಇಪ್ಪತ್ತು ಸೆಕೆಂಡಿನದು. ಅದರ ಹಿಂದೆ ಎರಡು ವರ್ಷಗಳಿವೆ. ಅದನ್ನು ಹೇಳದೆ ತೀರ್ಪು ಒಪ್ಪಿಕೊಳ್ಳಲು ನನಗೆ ಆಗುವುದಿಲ್ಲ.

ನೀನು ಮದುವೆಯಾಗಿ ದಾವಣಗೆರೆಗೆ ಹೋದ ಮರುವರ್ಷ ನನ್ನ ಕೆಲಸ ಹೋಯಿತು. ಸ್ವಯಂ ನಿವೃತ್ತಿ ಎಂದು ಕಾಗದದಲ್ಲಿ ಬರೆದಿತ್ತು. ಅದರಲ್ಲಿ 'ಸ್ವಯಂ' ಎಷ್ಟಿತ್ತು ಎಂಬುದು ಸಹಿ ಹಾಕಿದವರಿಗೆ ಗೊತ್ತು. ಆಗ ನನಗೆ ಐವತ್ತೆರಡು. ಕಣ್ಣು ಚೆನ್ನಾಗಿತ್ತು, ಕೈ ನಡುಗುತ್ತಿರಲಿಲ್ಲ. ಬೇರಿಂಗ್ ಕೆಡುವ ವಾರ ಮೊದಲೇ ಅದರ ಸದ್ದು ಕೇಳಿ ಹೇಳುತ್ತಿದ್ದ ಫಿಟ್ಟರ್ ನಾನು. ಮರುದಿನದಿಂದ ಆ ಕಿವಿಗೆ ಕೇಳಲು ಏನೂ ಇರಲಿಲ್ಲ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಷರ್ಟು ಹಾಕಿಕೊಂಡು, ಹೋಗುವುದು ಎಲ್ಲಿಗೆ ಎಂದು ತಿಳಿಯದೆ ಅಂಡರ್‌ಬ್ರಿಡ್ಜ್ ಹತ್ತಿರದ ಟೀ ಅಂಗಡಿಗೆ ಹೋಗುತ್ತಿದ್ದೆ. ಅಲ್ಲಿ ನನ್ನನ್ನೂ ಸೇರಿ ನಮ್ಮ ಕಾರ್ಖಾನೆಯವರೇ ಹನ್ನೊಂದು ಜನ. ಎಲ್ಲರಿಗೂ ಷಿಫ್ಟಿನ ಅಭ್ಯಾಸ. ಸರಿಯಾಗಿ ಎಂಟಕ್ಕೆ ಬಂದು ಹನ್ನೆರಡಕ್ಕೆ ಏಳುತ್ತಿದ್ದೆವು. ಮೂರನೇ ವರ್ಷಕ್ಕೆ ಏಳು ಜನ ಉಳಿದೆವು. ತೀರಿಹೋದ ನಾಲ್ವರಿಗೂ ಬೇರೆ ಬೇರೆ ಕಾಯಿಲೆ. ಡಾಕ್ಟರು ಬರೆದದ್ದು ಸುಳ್ಳಲ್ಲ. ಆದರೆ ಅವರು ನಿಂತುಹೋದ ಯಂತ್ರ ತುಕ್ಕು ಹಿಡಿದಂತೆ ಹೋದದ್ದನ್ನು ನಾನು ಪಕ್ಕದ ಬೆಂಚಿನಲ್ಲಿ ಕುಳಿತು ನೋಡಿದ್ದೇನೆ.

ಇದನ್ನು ನಿನಗೆ ಯಾವತ್ತೂ ಹೇಳಲಿಲ್ಲ. "ಹೇಗಿದೀಯಪ್ಪಾ?" ಎಂದು ಕೇಳಿದಾಗಲೆಲ್ಲ "ಚೆನ್ನಾಗಿದೀನಿ ಕಣಮ್ಮಾ" ಎಂದೆ.

ದೇವರಾಜ್ ಮಾಮನ ನೆನಪಿದೆಯಲ್ಲ, ನಮ್ಮ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಮೇಲೆ ಇದ್ದವನು? ಅವನು ಮಾಚೇನಹಳ್ಳಿಯ ಒಂದು ಸಣ್ಣ ವರ್ಕ್‌ಷಾಪಿಗೆ ಸೇರಿದ್ದ. ಒಂದು ದಿನ ಟೀ ಅಂಗಡಿಗೇ ಬಂದು ನನ್ನ ತೋಳು ಹಿಡಿದ. "ಎದ್ದೇಳು ಮಾರಾಯ. ಇಲ್ಲಿ ಕೂತ್ರೆ ಹಾರ ಹಾಕೋ ಮುಂದಿನ ಫೋಟೋ ನಿಂದೇ" ಎಂದ. ಮರುದಿನದಿಂದ ಅರ್ಧ ದಿನದ ಕೆಲಸಕ್ಕೆ ಅವನ ಜೊತೆ ಹೋಗತೊಡಗಿದೆ. ಪಂಪಿನ ಭಾಗಗಳನ್ನು ಜೋಡಿಸುವ ಕೆಲಸ, ದೊಡ್ಡದೇನಲ್ಲ. ಆದರೆ ಮೊದಲ ದಿನ ಮನೆಗೆ ಬಂದು ಉಗುರಿನ ಸಂದಿಯ ಕಪ್ಪು ತೊಳೆಯುವಾಗ ನಿನ್ನಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವತ್ತು ಊಟಕ್ಕೆ ಹಪ್ಪಳ ಕರಿದಿದ್ದಳು.

ಕಾರಿನ ಹುಚ್ಚು ಮೊದಲು ಇದ್ದದ್ದು ದೇವರಾಜನಿಗೆ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಅವನ ಫೋನಿನಲ್ಲಿ ಕಾರುಗಳು ಓಡಬೇಕು. ಒಂದು ದಿನ ನನಗೂ ತೋರಿಸಿದ. ಎರಡು ಕಾರು ಅಕ್ಕಪಕ್ಕ ನಿಲ್ಲುತ್ತವೆ. ಮುಂದೆ ನೇರ ದಾರಿ, ನಾನೂರ ಎರಡು ಮೀಟರ್. ಹಸಿರು ದೀಪ ಬಿದ್ದೊಡನೆ ಹೊರಡಬೇಕು, ಮೊದಲು ಮುಟ್ಟಿದವನು ಗೆದ್ದ. ಡ್ರ್ಯಾಗ್ ರೇಸ್ ಎಂದರೆ ಇಷ್ಟೇ. ತಿರುವಿಲ್ಲ, ಸುತ್ತಿಲ್ಲ. ನಾನು ಅದನ್ನು ನೋಡುತ್ತಾ ಬೇರೇನನ್ನೋ ಲೆಕ್ಕ ಹಾಕುತ್ತಿದ್ದೆ. ನಮ್ಮ ಕಾರ್ಖಾನೆಯ ಶೆಡ್ಡು ಈ ತುದಿಯಿಂದ ಆ ತುದಿಗೆ ಹೆಚ್ಚುಕಡಿಮೆ ಅಷ್ಟೇ ಉದ್ದ ಇತ್ತು. ಇಪ್ಪತ್ತೊಂಬತ್ತು ವರ್ಷ ದಿನಕ್ಕೆ ಹತ್ತಾರು ಸಲ ಅದನ್ನು ನಡೆದಿದ್ದೇನೆ. ಒಂದು ಸಲ ಓಡಿದರೆ ಹೇಗಿರುತ್ತದೆ ಎನ್ನಿಸಿತು.

"ಅದೆಲ್ಲ ದುಡ್ಡಿರೋರ ಆಟ" ಎಂದ ದೇವರಾಜ.

"ಗಾಡಿ ಓಡೋದು ಎಂಜಿನ್‌ನಿಂದ. ಎಂಜಿನ್ ನಮ್ಮ ಕೈಗೆ ಗೊತ್ತಲ್ಲ" ಎಂದೆ.

ಅವತ್ತೇ ಒಂದು ಕಟ್ಟು ಹಾಕಿಕೊಂಡೆವು. ಕಾರು, ಸಾಮಾನು, ಎಲ್ಲ ಸೇರಿ ಒಂದು ಹೊಸ ಸ್ಕೂಟರಿನ ಬೆಲೆ ದಾಟಬಾರದು. ಅದೂ ನನ್ನ ಅರ್ಧ ದಿನದ ಸಂಬಳದಿಂದ ಬರಬೇಕು. ನಿನ್ನಮ್ಮನ ಹೆಸರಿನಲ್ಲಿ ಇಟ್ಟ ನಿವೃತ್ತಿಯ ದುಡ್ಡನ್ನು ಮುಟ್ಟುವಂತಿಲ್ಲ. ಅದನ್ನು ಇವತ್ತಿನವರೆಗೂ ಮುಟ್ಟಿಲ್ಲ. ನಿನ್ನ ಮಾವನವರು ಆ ಬಗ್ಗೆ ಏನಾದರೂ ಅಂದರೆ ಇಷ್ಟನ್ನು ಹೇಳು.

ಶಿವಮೊಗ್ಗದ ವಿನೋಬನಗರದಲ್ಲಿ ಒಬ್ಬ ಡಾಕ್ಟರು ತೀರಿಕೊಂಡು ಐದು ವರ್ಷವಾಗಿತ್ತು. ಅವರ ಎಸ್ಟೀಮ್ ಕಾರು ಟಾರ್ಪಾಲಿನ ಕೆಳಗೆ ಹಾಗೇ ನಿಂತಿತ್ತು. ಟೈರು ನಾಲ್ಕೂ ಕುಸಿದಿದ್ದವು, ಇಲಿಗಳು ವೈರು ಕಡಿದಿದ್ದವು. ಆದರೆ ಕೆಳಗೆ ಮಲಗಿ ಬೆರಳಿನಿಂದ ತಟ್ಟಿ ನೋಡಿದೆ, ತಗಡು ಗಟ್ಟಿ. ಡಾಕ್ಟರ ಹೆಂಡತಿ ಜಗದಾಂಬಾ ಅವರು ಜಗುಲಿಯ ಮೇಲೆ ಕುರ್ಚಿ ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದರು.

"ಬಿಚ್ಚಿ ಮಾರ್ತೀರಾ, ಓಡಿಸ್ತೀರಾ?" ಎಂದು ಕೇಳಿದರು.

"ಓಡಿಸ್ತೀನಿ ಅಮ್ಮಾ."

"ಹಾಗಾದ್ರೆ ಸ್ವಲ್ಪ ಜೋರಾಗಿ ಓಡಿಸಿ. ನಮ್ಮನೆಯವರು ಜೀವಮಾನದಲ್ಲಿ ನಲವತ್ತು ದಾಟಿಸ್ಲಿಲ್ಲ" ಎಂದರು. ನಾನು ಹೇಳಿದ ಬೆಲೆಗೇ ಕೊಟ್ಟರು.

ಕಾರು ಲಾರಿಯ ಮೇಲೆ ಬಂದು ಮನೆ ಮುಂದೆ ಇಳಿದ ದಿನ ನಿನ್ನಮ್ಮ ನನ್ನ ಜೊತೆ ಮಾತು ಬಿಟ್ಟಳು. ಸರಿಯಾಗಿ ಹದಿನೈದು ದಿನ. ಹದಿನಾರನೆಯ ದಿನ ಎಂಜಿನ್ ಬಿಚ್ಚಿ ಹಜಾರದ ಮೂಲೆಯಲ್ಲಿ ಹಳೆಯ ಸೀರೆಯ ಮೇಲೆ ಇಟ್ಟಿದ್ದೆ. ಅವಳು ಬಂದು ನೋಡಿ, "ರೀ, ಅದು ನನ್ನ ತಂಗಿ ಕೊಟ್ಟ ಸೀರೆ" ಎಂದಳು. ಮಾತು ಮತ್ತೆ ಶುರುವಾಯಿತು.

ರಕ್ಷಾ, ಆ ಒಂದೂಕಾಲು ವರ್ಷ ನಾನು ಎಷ್ಟು ಸುಖವಾಗಿದ್ದೆ ಎಂದು ಹೇಳಿದರೆ ನಿನಗೆ ಬೇಜಾರಾಗಬಹುದು. ಬೆಳಿಗ್ಗೆ ಏಳಲು ಕಾರಣವಿತ್ತು. ಎಂಜಿನ್ನಿನ ಮೇಲ್ಭಾಗವನ್ನು, ಹೆಡ್ ಎನ್ನುತ್ತೇವಲ್ಲ, ಅದನ್ನು ಮಾಚೇನಹಳ್ಳಿಗೆ ಒಯ್ದು ಅದರ ತಳವನ್ನು ಒಂದಿಷ್ಟು ಹೆರೆಸಿದೆ. ಹಾಗೆ ಮಾಡಿದರೆ ಒಳಗಿನ ಒತ್ತಡ ಹೆಚ್ಚಿ ಬಲ ಹೆಚ್ಚುತ್ತದೆ. ಗಾಳಿ ಹೋಗಿ ಬರುವ ದಾರಿಗಳನ್ನು ಉಜ್ಜುಕಾಗದ ಹಿಡಿದು ಕೈಯಿಂದಲೇ ನುಣುಪು ಮಾಡಿದೆ. ಅದಕ್ಕೇ ಎರಡು ತಿಂಗಳು. ದೇವರಾಜ ಎಂಜಿನ್ನಿನ ಹಿಂದೆ ತಿರುಗುವ ಭಾರದ ಚಕ್ರವನ್ನು, ಫ್ಲೈವೀಲನ್ನು, ಲೇತಿಗೆ ಕಟ್ಟಿ ಹಗುರ ಮಾಡಿದ. ಇನ್ನೂ ಸ್ವಲ್ಪ ತೆಗೆ ಎಂದೆ. "ಸಾಕು ಮಾರಾಯ. ಇದಕ್ಕಿಂತ ತೆಗೆದ್ರೆ ರೇಸಲ್ಲಿ ಹಾರುತ್ತೆ, ಸಿಗ್ನಲ್ಲಲ್ಲಿ ಆಫ್ ಆಗುತ್ತೆ. ನಿನಗೆ ಎರಡೂ ಬೇಕಲ್ಲ" ಎಂದು ಯಂತ್ರ ನಿಲ್ಲಿಸಿದ. ಹೊಗೆ ಕೊಳವೆಯನ್ನು ಬೆಸುಗೆ ಹಾಕಿಕೊಟ್ಟದ್ದು ಆರ್ಮುಗಂ, ನಮ್ಮ ಕಾರ್ಖಾನೆಯ ವೆಲ್ಡರ್. ಟೀ ಅಂಗಡಿಯ ಏಳು ಜನರಲ್ಲಿ ಅವನೂ ಒಬ್ಬ. ನಾಲ್ಕು ಪೈಪುಗಳನ್ನು ಬಗ್ಗಿಸಿ ಒಂದಕ್ಕೆ ಸೇರಿಸುವಾಗ ಅವನ ಕೈ ಎಷ್ಟು ನಿಧಾನವಾಗಿ ಚಲಿಸಿತು ಎಂದರೆ, ಉಸಿರು ಬಿಡಲೂ ನನಗೆ ಭಯವಾಯಿತು. ಮುಗಿಸಿ ಕನ್ನಡಕ ತೆಗೆದು, "ಅಣ್ಣಾ, ನಾಲ್ಕು ವರ್ಷ ಆಯ್ತು ಈ ಕೈ ಬೆಂಕಿ ನೋಡಿ" ಎಂದ. ಹಣ ಮುಟ್ಟಲಿಲ್ಲ.

ಎಲ್ಲವೂ ಸರಿಯಾಗಿ ನಡೆಯಿತು ಎಂದೇನಲ್ಲ. ಮೊದಲ ಸಲ ಜೋಡಿಸಿ ಮುಗಿಸಿದ ಮೇಲೆ ನಿನ್ನಮ್ಮನನ್ನು ಸಕ್ರೆಬೈಲಿಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ಆನೆ ಸ್ನಾನ ಮಾಡುವುದನ್ನು ನೋಡಬೇಕೆಂದು ಅವಳು ಮದುವೆಯಾದಾಗಿನಿಂದ ಕೇಳುತ್ತಿದ್ದಳು. ಬುತ್ತಿ ಕಟ್ಟಿಕೊಂಡು ಹೊರಟೆವು. ಗಾಜನೂರು ಬರುವಷ್ಟರಲ್ಲಿ ಬಾನೆಟ್ಟಿನ ಕೆಳಗಿಂದ ಬಿಳಿ ಹೊಗೆ. ಇಳಿದು ನೋಡಿದರೆ ಹೆಡ್ಡಿನ ಕೆಳಗೆ ಒತ್ತಡ ಸೋರದಂತೆ ತಡೆಯುವ ಗ್ಯಾಸ್ಕೆಟ್ ಹೋಗಿತ್ತು. ಆಸೆ ಹೆಚ್ಚಾಗಿ ನಾನು ಬೇಕಾದದ್ದಕ್ಕಿಂತ ಹೆಚ್ಚು ಹೆರೆಸಿದ್ದೆ. ತಪ್ಪು ಪೂರ್ತಿ ನನ್ನದೇ.

ರಸ್ತೆ ಪಕ್ಕದ ಮರದ ಕೆಳಗೆ ಕುಳಿತು ಅವಳು ಬುತ್ತಿ ಬಿಚ್ಚಿದಳು. "ಆನೆ ನೋಡೋಕೆ ಹೊರಟ್ವಿ. ಇದೇ ಆನೆ ಥರ ಕೂತ್ಕೊಳ್ತು" ಎಂದಳು. ನನಗೆ ನಗುವುದಕ್ಕೂ ಧೈರ್ಯವಿರಲಿಲ್ಲ. ಆಮೇಲೆ ನನ್ನ ತಟ್ಟೆಗೆ ಮೊಸರನ್ನ ಹಾಕುತ್ತಾ ಹೇಳಿದಳು: "ರೀ, ನೀವು ಓಡೋ ಗಾಡಿ ಮಾಡ್ಬೇಡಿ. ಹೋಗಿ ಬರೋ ಗಾಡಿ ಮಾಡಿ. ಬರೀ ಓಡೋದಾದ್ರೆ ನನಗೇನು ಬಂತು?"

ಇಂಥ ಕಾರುಗಳ ಬಗ್ಗೆ ದೇವರಾಜ ನೂರಾರು ವಿಡಿಯೋ ನೋಡಿದ್ದಾನೆ. ಯಾರೂ ಇಷ್ಟು ಚೆನ್ನಾಗಿ ಹೇಳಿಲ್ಲ ಎಂದು ಅವನೇ ಒಪ್ಪಿಕೊಂಡ. ಅಂದಿನಿಂದ ಅದೇ ನಮ್ಮ ನಿಯಮವಾಯಿತು. ರೇಸಿಗೆ ಅದೇ ಕಾರು ಓಡಿಸಿಕೊಂಡು ಹೋಗಬೇಕು, ಅದರಲ್ಲೇ ಓಡಬೇಕು, ಅದರಲ್ಲೇ ವಾಪಸು ಬರಬೇಕು. ಮತ್ತೆ ಎಲ್ಲ ಬಿಚ್ಚಿದೆ. ದಪ್ಪ ಗ್ಯಾಸ್ಕೆಟ್ ಹಾಕಿ ಒತ್ತಡ ಇಳಿಸಿದೆ, ರೇಡಿಯೇಟರ್ ಹೊಸದು ಹಾಕಿದೆ. ಕೊಳವೆಯ ಸದ್ದು ಜಾಸ್ತಿ ಎಂದು ಬೀದಿಯವರು ಗೊಣಗಿದ್ದರು. ಆರ್ಮುಗಂ ದೊಡ್ಡ ಸೈಲೆನ್ಸರ್ ಕೂರಿಸಿದ. ಒಂದಿಷ್ಟು ಬಲ ಹೋಯಿತು, ಹೋಗಲಿ. ಆರ್‌ಟಿಓ ಕಚೇರಿಗೆ ಒಯ್ದು ನಿಲ್ಲಿಸಿ ತಪಾಸಣೆ ಮಾಡಿಸಿ, ನೋಂದಣಿ ಹೊಸದು ಮಾಡಿಸಿದೆ. ತೂಕ ಇಳಿಸಲು ಹಿಂದಿನ ಸೀಟನ್ನು ತೆಗೆದೇಬಿಡುತ್ತೇನೆ ಎಂದಾಗ ಮಾತ್ರ ನಿನ್ನಮ್ಮ ಒಪ್ಪಲಿಲ್ಲ. ಅದಕ್ಕೆ ನಾಲ್ಕು ಬೋಲ್ಟಿನಲ್ಲಿ ಬಿಚ್ಚಿ ಹಾಕುವ ಹಾಗೆ ಮಾಡಿದೆ. ರಸ್ತೆಯ ಮೇಲೆ ಒಂದು ದಿನವೂ ಜೋರು ಓಡಿಸಿ ಪರೀಕ್ಷೆ ಮಾಡಿಲ್ಲ. ಭಾನುವಾರ ರಜೆಯಿದ್ದಾಗ ವರ್ಕ್‌ಷಾಪಿನ ಮಾಲೀಕರನ್ನು ಕೇಳಿ, ಗೇಟು ಹಾಕಿಸಿ, ಒಳಗಿನ ಅಂಗಳದಲ್ಲೇ ಹೊರಡುವುದನ್ನು ಅಭ್ಯಾಸ ಮಾಡಿದೆ. ಅಷ್ಟು ಜವಾಬ್ದಾರಿ ನನಗಿದೆ.

ರೇಸು ಇದ್ದದ್ದು ಹೊಸೂರಿನ ಆಚೆ, ವಿಮಾನಗಳು ಬಿಟ್ಟುಹೋದ ಒಂದು ರನ್‌ವೇ ಮೇಲೆ. ಹಿಂದಿನ ದಿನ ಬೆಳಿಗ್ಗೆ ನಾನೂ ನಿನ್ನಮ್ಮನೂ ಹೊರಟೆವು. ಅವಳು ಯಾಕೆ ಬಂದಳು ಎಂದು ನೀನು ಕೇಳಿದೆಯಲ್ಲ? ನಾನು ಕರೆಯಲಿಲ್ಲ. ಬಾಗಿಲಿಗೆ ಬೀಗ ಹಾಕಿ, ಬ್ಯಾಗು ಹಿಡಿದು ಬಂದು ಹಿಂದಿನ ಸೀಟಿನಲ್ಲಿ ಕುಳಿತಳು. "ಮುಂದೆ ಬಾ" ಎಂದರೆ, "ಇಲ್ಲೇ ಕಾಲು ಚಾಚೋಕೆ ಆಗುತ್ತೆ" ಎಂದಳು. ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು ದಾಟಿದೆವು. ಎಂಜಿನ್ ಎಲ್ಲೂ ಬಿಸಿಯಾಗಲಿಲ್ಲ. ತಿಪಟೂರಿನಲ್ಲಿ ಕಾಫಿ ಕುಡಿಯುವಾಗ ಅವಳು ಕಾರಿನ ಕಡೆ ನೋಡಿ, "ಪರವಾಗಿಲ್ಲ" ಎಂದಳು. ಮೂವತ್ತಮೂರು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಅವಳು ಕೊಟ್ಟ ಮೊದಲ ಸರ್ಟಿಫಿಕೇಟ್ ಅದು.

ಅಲ್ಲಿಗೆ ಬಂದವರೆಲ್ಲ ಲಾರಿಗಳ ಮೇಲೆ ಕಾರು ಹೇರಿಕೊಂಡು ಬಂದಿದ್ದರು. ತಪಾಸಣೆಯ ಮೇಜಿನ ಹುಡುಗ ನನ್ನ ಕಾಗದ ತೆಗೆದುಕೊಂಡು, "ಅಂಕಲ್, ಡ್ರೈವರ್ ಎಲ್ಲಿ?" ಎಂದ.

"ನಾನೇ."

"ಗಾಡಿ ತಂದ ಲಾರಿ ಎಲ್ಲಿ ನಿಲ್ಲಿಸಿದೀರಾ?"

"ಗಾಡಿ ತಂದದ್ದು ಗಾಡೀಲೇ" ಎಂದೆ. ಅವನು ತಲೆಯೆತ್ತಿ ಒಂದು ಸಲ ನನ್ನನ್ನೂ, ಒಂದು ಸಲ ಹಿಂದಿನ ಸೀಟಿನಲ್ಲಿ ಚಕ್ಕುಲಿ ತಿನ್ನುತ್ತಿದ್ದ ನಿನ್ನಮ್ಮನನ್ನೂ ನೋಡಿದ.

ಸ್ಟೆಪ್ನಿ, ಜಾಕು, ಅವಳ ಬ್ಯಾಗು ಎಲ್ಲ ಇಳಿಸಿದೆ. ನಾಲ್ಕು ಬೋಲ್ಟು ಬಿಚ್ಚಿ ಹಿಂದಿನ ಸೀಟನ್ನು ತೆಗೆದು ಬೇಲಿಯ ಪಕ್ಕ ನೆಲದ ಮೇಲಿಟ್ಟೆ. ಅವಳು ಅದರ ಮೇಲೆ ಕುಳಿತು ಛತ್ರಿ ಬಿಚ್ಚಿದಳು. ಆ ವಿಡಿಯೋದಲ್ಲಿ ನಿಮಗೆಲ್ಲ ನಗು ಬಂದದ್ದು ಅದನ್ನು ನೋಡಿಯೇ ಇರಬೇಕು. ಅಲ್ಲಿ ಆ ಬಿಸಿಲಲ್ಲಿ ಕೂರಲು ಒಳ್ಳೆಯ ಜಾಗ ಇದ್ದದ್ದು ಅವಳೊಬ್ಬಳಿಗೇ.

ಮೊದಲ ಓಟದಲ್ಲಿ ಎಂಜಿನ್ ಹೆಚ್ಚು ಏರಿಸಿ ಕ್ಲಚ್ ಬಿಟ್ಟೆ. ಮುಂದಿನ ಚಕ್ರಗಳು ಇದ್ದಲ್ಲೇ ತಿರುಗಿ ರಬ್ಬರಿನ ಹೊಗೆ ಎದ್ದಿತು. ಹದಿನೇಳೂವರೆ ಸೆಕೆಂಡು. ನಾಚಿಕೆಯಾಯಿತು. ಮುಂದಿನ ಎರಡು ಟೈರಿನ ಗಾಳಿ ಸ್ವಲ್ಪ ಇಳಿಸಿ, ಎರಡನೆಯ ಸಲ ಮೆಲ್ಲಗೆ ಹೊರಟು ಆಮೇಲೆ ಒತ್ತಿದೆ. ಹದಿನಾರು ಪಾಯಿಂಟ್ ಒಂಬತ್ತು. ಮೂರನೆಯ ಸಲ ಹದಿನಾರು ಪಾಯಿಂಟ್ ಆರು. ಆ ಸಂಖ್ಯೆ ನಿನಗೆ ಏನೂ ಹೇಳದೆ ಇರಬಹುದು. ಡಾಕ್ಟರ ಮನೆಯ ಮುಂದೆ ಸತ್ತುಬಿದ್ದಿದ್ದ ಗಾಡಿ ಅದು, ಕಂಪನಿಯಿಂದ ಹೊಸದಾಗಿ ಬಂದಾಗ ಓಡುತ್ತಿದ್ದುದಕ್ಕಿಂತ ಒಂದು ಸೆಕೆಂಡಿಗೂ ಮೀರಿ ಬೇಗ ಓಡಿತು. ನಾಲ್ಕನೇ ಗೇರಿಗೆ ಹಾಕಿದಾಗ ಎಂಜಿನ್ನಿನ ಸದ್ದು ಒಂದೇ ಸಮನೆ, ಎಲ್ಲೂ ಬಿರುಕಿಲ್ಲದೆ ಬಂತು. ನನ್ನ ಕಿವಿಗೆ ಆರು ವರ್ಷದ ಮೇಲೆ ಕೆಲಸ ಸಿಕ್ಕಿತ್ತು.

ಮಧ್ಯಾಹ್ನ ಸ್ಪರ್ಧೆಯ ಓಟ. ಮೊದಲ ಸುತ್ತಿನಲ್ಲಿ ಲಾರಿಯ ಮೇಲೆ ಬಂದ ಒಂದು ಕೆಂಪು ಕಾರನ್ನು ಸೋಲಿಸಿದೆ. ಅದರ ವಿಡಿಯೋ ಯಾರೂ ತೆಗೆಯಲಿಲ್ಲ. ಎರಡನೆಯ ಸುತ್ತಿನಲ್ಲಿ ದೀಪ ಹಸಿರಾಗುವ ಮೊದಲೇ ಹೊರಟುಬಿಟ್ಟೆ. ಹಾಗೆ ಹೊರಟರೆ ಕೆಂಪು ದೀಪ ಬೀಳುತ್ತದೆ, ಆಟ ಅಲ್ಲಿಗೆ ಮುಗಿಯುತ್ತದೆ. ನೀವು ನೋಡಿದ್ದು ಇದನ್ನು. ಹಿಂದಿನಿಂದ ಒಬ್ಬ, "ಅಜ್ಜನಿಗೆ ಬಸ್ ತಪ್ಪೋಗ್ತಿತ್ತಾ?" ಎಂದು ಕೂಗಿದ್ದು, ಎಲ್ಲರೂ ನಕ್ಕದ್ದು.

ನಾನು ಆರು ವರ್ಷ ಕಾದಿದ್ದೆ ರಕ್ಷಾ. ಇನ್ನು ಅರ್ಧ ಸೆಕೆಂಡು ಕಾಯಲು ಕಾಲು ಕೇಳಲಿಲ್ಲ. ಅದರ ಬಗ್ಗೆ ನನಗೆ ನಾಚಿಕೆಯಿಲ್ಲ.

ಸೀಟು ಜೋಡಿಸಿ, ಬ್ಯಾಗು ಹೇರಿ, ಮರುದಿನ ಅದೇ ದಾರಿಯಲ್ಲಿ ವಾಪಸು ಬಂದೆವು. ನಮ್ಮ ಬೀದಿಗೆ ತಿರುಗಿದಾಗ ದೇವರಾಜ, ಆರ್ಮುಗಂ ಇಬ್ಬರೂ ಗೇಟಿನ ಬಳಿ ನಿಂತಿದ್ದರು. ನಾನು ಸೋತದ್ದನ್ನು ಹೇಳಿದೆ. ಆರ್ಮುಗಂ ಕೇಳದವನಂತೆ ಬಗ್ಗಿ ತನ್ನ ಬೆಸುಗೆಯನ್ನು ಮುಟ್ಟಿ ನೋಡಿದ. "ಒಂದು ಕಡೆಯೂ ಬಿಟ್ಟಿಲ್ಲ ಅಣ್ಣಾ" ಎಂದ.

ಆಮೇಲೆ ನಿನ್ನ ಫೋನು ಬಂತು. ನಿಜ ಹೇಳಬೇಕೆಂದರೆ, ಆ ಫೋನಿನ ಮುಂದೆ ನಾನು ನಿಲ್ಲಲಾಗದೆ ಹೋದೆ. ಅಮೂಲ್ಯಳ ದನಿ ಎರಡು ದಿನ ಕಿವಿಯಲ್ಲೇ ಇತ್ತು. ಮಂಗಳವಾರ ನಾನೇ ಶಿವಮೊಗ್ಗದಲ್ಲಿ ಹಳೆ ಗಾಡಿ ಕೊಳ್ಳುವ ಒಬ್ಬ ಹುಡುಗನಿಗೆ ಫೋನ್ ಮಾಡಿ ಗಾಡಿ ಕೊಡುತ್ತೇನೆ ಎಂದೆ. ಗುರುವಾರ ಬೆಳಿಗ್ಗೆ ಅವನು ದುಡ್ಡು ಹಿಡಿದುಕೊಂಡೇ ಬಂದ. ಒಳ್ಳೆಯ ಬೆಲೆ. ಸುತ್ತ ನೋಡಿ, ಎಂಜಿನ್ ಚಾಲೂ ಮಾಡಿ ಕೇಳಿ, "ಸಾರ್, ಇದನ್ನ ಯಾರು ಕಟ್ಟಿದ್ದು?" ಎಂದ. "ನಾನೇ" ಎಂದೆ. ಅವನು ನಂಬಲಿಲ್ಲ. ನಾನು ಗಾಡಿಯ ಕಾಗದಪತ್ರ ತರಲು ಒಳಗೆ ಹೋದೆ.

ಹೊರಗೆ ಬಂದರೆ ನಿನ್ನಮ್ಮ ಹಿಂದಿನ ಸೀಟಿನಲ್ಲಿ ಕುಳಿತಿದ್ದಳು. ಅಡುಗೆಮನೆಯಿಂದ ನೇರ ಎದ್ದು ಬಂದವಳು, ಕೈಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಮೊರ ಹಾಗೇ ಇತ್ತು.

"ಇಳಿ ಮಾರಾಯ್ತಿ, ಅವರು ಕಾಯ್ತಿದಾರೆ" ಎಂದೆ.

"ಅವರನ್ನ ಹೋಗೋಕೆ ಹೇಳಿ" ಎಂದಳು.

"ಮಗಳು ಬರಲ್ಲ ಅಂದಿದಾಳೆ ವಿಶಾಲೂ."

"ಕೇಳಿಸ್ಕೊಂಡಿದೀನಿ. ನನಗೂ ಅಳು ಬಂತು." ಮೊರದ ಸೊಪ್ಪನ್ನು ನೋಡುತ್ತಲೇ ಅವಳು ಹೇಳಿದಳು: "ಆದ್ರೆ ನೀವು ಟೀ ಅಂಗಡೀಲಿ ಕೂತಿದ್ದ ಆ ಮೂರು ವರ್ಷ ಈ ಮನೇಲಿ ಇದ್ದೋಳು ನಾನು. ಅವಳಲ್ಲ. ಜನನೂ ಅಲ್ಲ. ಮತ್ತೆ ಆ ಮನುಷ್ಯನ ಜೊತೆ ನನಗೆ ಬಾಳೋಕೆ ಆಗಲ್ಲ ರೀ."

ಆ ಹುಡುಗ ಎಲ್ಲ ಕೇಳಿಸಿಕೊಂಡು ನಿಂತಿದ್ದ. "ಬರ್ತೀನಿ ಸಾರ್, ಬರ್ತೀನಿ ಅಮ್ಮಾ" ಎಂದು ಕೈ ಮುಗಿದು ಹೋದ. ಅವಳು ಅಲ್ಲೇ ಕುಳಿತು ಸೊಪ್ಪು ಬಿಡಿಸಿ ಮುಗಿಸಿದಳು.

ಇನ್ನೊಂದು ಮಾತಿದೆ. ಫೋನು ಇಡುವ ಮೊದಲು ನೀನು ಅದನ್ನು ಹೇಳಿದೆ. ಇಷ್ಟು ಹೊತ್ತು ಅದನ್ನು ಬರೆಯದೆ ತಪ್ಪಿಸಿಕೊಂಡು ಬಂದೆ. "ನಾನು ಡಿಪ್ಲೊಮಾ ಮೆಕ್ಯಾನಿಕಲ್ ಸೇರ್ತೀನಿ ಅಂದಾಗ ಬೇಡ ಅಂದವನು ನೀನೇ ಅಲ್ವಾ? ಈಗ ನೀನು ಆಟ ಆಡ್ತಿದೀಯ" ಎಂದೆ.

ಕಾರಿನ ಬಗ್ಗೆ ಎಷ್ಟು ಬೇಕಾದರೂ ವಾದ ಮಾಡುತ್ತೇನೆ. ಇದಕ್ಕೆ ನನ್ನಲ್ಲಿ ವಾದವಿಲ್ಲ. ನಿನಗೆ ಆಗ ಹದಿನಾರು. ಅರ್ಜಿ ತುಂಬಿಸಿಕೊಂಡು ಬಂದು ನನ್ನ ಸಹಿಗೆ ನಿಂತಿದ್ದೆ. ನಿನ್ನ ಅಂಕಗಳು ನಮ್ಮ ಬೀದಿಯ ಯಾವ ಹುಡುಗನಿಗಿಂತಲೂ ಕಡಿಮೆ ಇರಲಿಲ್ಲ. ಸೈಕಲ್ಲಿನ ಚೈನು ನಾನು ಹಾಕಿಕೊಡುವ ಮೊದಲೇ ನೀನೇ ಹಾಕಿಕೊಂಡಿರುತ್ತಿದ್ದೆ. ನಿನ್ನ ಕೈ ಯಾವ ಕೈ ಎಂಬುದು ನನಗೆ ಗೊತ್ತಿತ್ತು. ಆದರೂ ನಾನು ಸಹಿ ಹಾಕಲಿಲ್ಲ. "ಹೆಣ್ಮಕ್ಕಳು ಗ್ರೀಸ್ ಮೆತ್ಕೊಂಡ್ರೆ ಕಾರ್ಖಾನೇಲಿ ಜನ ಏನಂತಾರೆ?" ಎಂದೆ. ನೀನು ಅರ್ಜಿಯನ್ನು ಮಡಿಸಿ ಪುಸ್ತಕದೊಳಗೆ ಇಟ್ಟುಕೊಂಡು ಒಳಗೆ ಹೋದೆ. ಜಗಳವನ್ನೂ ಆಡಲಿಲ್ಲ. ಆಮೇಲೆ ಕಾಮರ್ಸ್ ಓದಿದೆ, ಬ್ಯಾಂಕಿನಲ್ಲಿ ಕೆಲಸ ಹಿಡಿದೆ, ಎಲ್ಲರೂ ಹೊಗಳುವಂತೆ ಸಂಸಾರ ನಡೆಸುತ್ತಿದ್ದೀಯೆ. ಅದರಿಂದ ನನ್ನ ತಪ್ಪು ಸರಿಯಾಗುವುದಿಲ್ಲ. ನಾನು ಕಾರ್ಖಾನೆಯ ಜನಕ್ಕೆ ಹೆದರಿದೆ. ಹೆದರಿಕೆಯ ಬೆಲೆಯನ್ನು ನಿನ್ನ ಕೈಯಿಂದ ಕೊಡಿಸಿದೆ. ಕ್ಷಮಿಸು ಎಂದು ಈ ಹದಿನೈದು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ. ಈಗ ಕೇಳುತ್ತಿದ್ದೇನೆ.

ಆದರೆ ಮಗಳೇ, ಹೋದ ಭಾನುವಾರ ನೀನು ನನಗೆ ಹೇಳಿದ್ದೂ ಆ ಮಾತನ್ನೇ. ಜನ ಏನಂತಾರೆ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ನನ್ನ ಬಾಯಿಂದಲೇ ಅದು ನಿನಗೆ ಬಂತು ಎಂಬುದು ಗೊತ್ತು, ಅದಕ್ಕೇ ಹೆಚ್ಚು ಉರಿಯಿತು. ಆ ಮಾತು ಒಂದು ಸಲ ಈ ಮನೆಗೆ ಬಂದು ನಿನ್ನಿಂದ ಏನು ಕಿತ್ತುಕೊಂಡಿತೋ ಅದನ್ನು ನಾನು ತಂದುಕೊಡಲಾರೆ. ಇನ್ನೊಂದು ಸಲ ಬಾಗಿಲಿಗೆ ಬಂದರೆ ಒಳಗೆ ಬಿಡುವುದಿಲ್ಲ. ನಿನ್ನ ಬಾಯಿಂದ ಬಂದರೂ ಬಿಡುವುದಿಲ್ಲ. ನಿನ್ನ ಮಾವ ಮೂರ್ತಪ್ಪನವರು ಮೂವತ್ತು ವರ್ಷ ಹೆಡ್‌ಮಾಸ್ಟರ್ ಆಗಿದ್ದವರು, ನನಗೆ ಅವರ ಮೇಲೆ ಗೌರವವಿದೆ. ಅವರ ವಾಕಿಂಗ್ ಗುಂಪಿನವರು ಕೇಳಿದರೆ, ಹೌದು, ಅವರು ನಮ್ಮ ಬೀಗರು, ಅವರ ಗಾಡಿ ಹದಿನಾರು ಪಾಯಿಂಟ್ ಆರಕ್ಕೆ ಓಡುತ್ತದೆ ಎನ್ನಲಿ. ಹೇಳಲು ಸಂಕೋಚವಾದರೆ ಸುಮ್ಮನೆ ನಡೆಯಲಿ. ಅದು ಅವರ ಇಷ್ಟ.

ಬರುವ ಫೆಬ್ರವರಿಯಲ್ಲಿ ಮತ್ತೆ ರೇಸು ಇದೆ. ನಿನ್ನೆ ಅರ್ಜಿ ತುಂಬಿಸಿ ಕಳಿಸಿದೆ. ವಯಸ್ಸು ಎಂಬಲ್ಲಿ ಐವತ್ತೆಂಟು ಎಂದೇ ಬರೆದೆ, ಅಕ್ಷರಗಳಲ್ಲೂ ಬರೆದೆ. ಈ ಸಲ ಹದಿನಾರರ ಕೆಳಗೆ ಇಳಿಯಬೇಕೆಂದಿದೆ. ಇಳಿಯದಿದ್ದರೆ ಅದರ ಮುಂದಿನ ವರ್ಷ. ದೇವರಾಜ ಗೇರ್‌ಬಾಕ್ಸ್ ಬಿಚ್ಚಿ ಕುಳಿತಿದ್ದಾನೆ. ಆರ್ಮುಗಂ ಟೀ ಅಂಗಡಿಯಿಂದ ಇನ್ನೂ ಇಬ್ಬರನ್ನು ಎಬ್ಬಿಸಿಕೊಂಡು ಬಂದಿದ್ದಾನೆ. ಒಬ್ಬನಿಗೆ ಮೊಣಕಾಲು ನೋವು, ಒಬ್ಬನಿಗೆ ಸಕ್ಕರೆ ಕಾಯಿಲೆ. ಇಬ್ಬರ ಕೈಗಳೂ ನೆಟ್ಟಗಿವೆ. ನಮ್ಮ ಅಂಗಳದಲ್ಲಿ ಈಗ ಬೆಳಿಗ್ಗೆ ಎಂಟಕ್ಕೆ ಸದ್ದು ಶುರುವಾಗುತ್ತದೆ. ಬೀದಿಯವರು ಬಂದು ಗೊಣಗುತ್ತಾರೆ, ನಾವು ಟೀ ಕೊಟ್ಟು ಕಳಿಸುತ್ತೇವೆ.

ಹಬ್ಬಕ್ಕೆ ಬರುವುದು ಬಿಡುವುದು ನಿನಗೆ ಬಿಟ್ಟದ್ದು. ಬಾ ಎಂದು ಅಂಗಲಾಚುವುದಿಲ್ಲ, ಬರಬೇಡ ಎಂದು ಸಾಯುವವರೆಗೂ ಹೇಳುವುದಿಲ್ಲ. ನೀನು ಬಂದರೂ ಗಾಡಿ ಮನೆ ಮುಂದೆಯೇ ಇರುತ್ತದೆ. ಬರದಿದ್ದರೂ ಇರುತ್ತದೆ. ನನ್ನ ಮೇಲೆ ಸಿಟ್ಟು ಇಟ್ಟುಕೊಳ್ಳುವ ಹಕ್ಕು ನಿನಗಿದೆ, ಸರಿಯಾದ ಕಾರಣಕ್ಕೆ ಇಟ್ಟುಕೊ. ಆ ಅರ್ಜಿಗಾಗಿ ಇಟ್ಟುಕೊ. ಕಾರಿಗಾಗಿ ಬೇಡ.

ನಿನ್ನಮ್ಮ ಹುಷಾರಾಗಿದ್ದಾಳೆ. ಅಮೂಲ್ಯಳಿಗೆ ತಾತ ಕೇಳಿದನೆಂದು ಹೇಳು. ಅವಳು ದೊಡ್ಡವಳಾಗಿ ಯಾವುದಾದರೂ ಅರ್ಜಿ ಹಿಡಿದು ನಿನ್ನ ಮುಂದೆ ನಿಂತರೆ, ಓದದೆಯೇ ಸಹಿ ಹಾಕು.

ನಿನ್ನ ಕೈಗಳು ಯಾರ ಮಾತಿಗೂ ಮಡಿಲಿಗೆ ಇಳಿಯದಿರಲಿ. ನೂರು ವರ್ಷ ನೆಟ್ಟಗೆ ಬಾಳು.

ಸೋತರೂ ತಲೆ ತಗ್ಗಿಸದ ನಿನ್ನ ಅಪ್ಪ,
ಜಯಪ್ಪ